ರೇಡಿಯೋದಲ್ಲಿ ಬಂದ ಅಣ್ಣನ ದನಿ

2010ರಲ್ಲಿ ಬೋರ್‌ವೆಲ್ ಪಂಪ್ ಕೂರಿಸುವ ಕೆಲಸಕ್ಕೆ ಉತ್ತರ ಉಗಾಂಡಾದ ಗುಲು ಪಟ್ಟಣಕ್ಕೆ ಹೋಗಿದ್ದೆ. ಅಲ್ಲಿಂದ ಅತಿಯಾಕ್‌ಗೆ ಹೋಗಬೇಕಿತ್ತು. ನಮ್ಮ ಪಿಕಪ್ ಕೈಕೊಟ್ಟಿತು. ಬೋಡಾ ಬೋಡಾ ಹಿಡಿದೆ, ಅಂದರೆ ಬಾಡಿಗೆ ಬೈಕು. ಓಡಿಸುವವನು ಹತ್ತೊಂಬತ್ತರ ಹುಡುಗ. ರಸ್ತೆ ಪೂರ್ತಿ ಕೆಂಪು ಧೂಳು, ಗುಂಡಿ.

ಪಬ್ಬೋ ದಾಟಿದ ಮೇಲೆ ಪಂಕ್ಚರ್ ಆಯಿತು. ಟ್ಯೂಬ್ ಎಳೆದು, ಗಾಳಿ ತುಂಬಿ, ಉಗುಳು ಸವರಿ ಗುಳ್ಳೆ ಎಲ್ಲಿ ಬರುತ್ತೆ ಅಂತ ಹುಡುಕತೊಡಗಿದ. ಮರದ ನೆರಳಿಗೆ ಹೋಗೋಣ ಅಂದೆ. ಬೇಡ ಅಂದ. ಎತ್ತರದ ಹುಲ್ಲಿಗೆ ಬೆನ್ನು ಹಾಕಿ ಕೂರೋದು ತನ್ನ ಕೈಲಾಗಲ್ಲವಂತೆ.

ಮಾತು ಶುರುವಾಗಿದ್ದು ಹಾಗೆ. ಸರ್ಕಾರದ ವಿರುದ್ಧ ದಂಗೆ ಎದ್ದಿದ್ದ ಜೋಸೆಫ್ ಕೋನಿಯ ಎಲ್‌ಆರ್‌ಎ (ಲಾರ್ಡ್ಸ್ ರೆಸಿಸ್ಟೆನ್ಸ್ ಆರ್ಮಿ) ಪಡೆ ಆ ಭಾಗದಲ್ಲಿ 20 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಹೊತ್ತೊಯ್ದಿತ್ತು ಅನ್ನುತ್ತಾರೆ. ಇವನನ್ನು ಎಳೆದುಕೊಂಡು ಹೋದದ್ದು 2002ರಲ್ಲಿ, ಹನ್ನೊಂದನೇ ವಯಸ್ಸಿಗೆ, ನಡುರಾತ್ರಿ. ತಲೆ ಮೇಲೆ ಎಳ್ಳಿನ ಮೂಟೆ ಹೊರಿಸಿ ನಡೆಸಿದರು. ಎದೆಗೆ ಶಿಯಾ ಅನ್ನೋ ಮರದ ಬೀಜದ ಎಣ್ಣೆ ಬಳಿದು, ಇನ್ನು ನೀನು ನಮ್ಮವನು ಅಂದರು. ಕಾಲು ನೋವು ಅಂತ ಬಾಯಿಬಿಟ್ಟ ಹುಡುಗನೊಬ್ಬನನ್ನು ಉಳಿದ ಮಕ್ಕಳ ಕೈಯಲ್ಲೇ ಕೋಲಿನಿಂದ ಹೊಡೆಸಿದರು. ಅದನ್ನು ಒಂದೇ ಮಾತಲ್ಲಿ ಹೇಳಿ, ಟ್ಯೂಬ್ ಉಜ್ಜತೊಡಗಿದ. ನಾನೂ ಕೆದಕಲಿಲ್ಲ.

ಓಡಿ ಹೋದವರನ್ನು ಸರ್ಕಾರದ ಸೈನ್ಯ ಕೊಲ್ಲುತ್ತೆ ಅಂತ ಕಮಾಂಡರ್‌ಗಳು ಹೆದರಿಸುತ್ತಿದ್ದರಂತೆ. ಗುಲುವಿನ ಮೆಗಾ ಎಫ್‌ಎಂನಲ್ಲಿ, ಕಾಡಿನಿಂದ ತಪ್ಪಿಸಿಕೊಂಡು ಬಂದವರನ್ನು ಕೂರಿಸಿ ಮಾತಾಡಿಸುವ ಕಾರ್ಯಕ್ರಮವೊಂದಿತ್ತು. ಕೇಳಿದರೆ ಏಟು. ಒಂದು ಸಂಜೆ ಕಮಾಂಡರ್‌ನ ಟ್ರಾನ್ಸಿಸ್ಟರ್ ಹೊತ್ತು ನಡೆಯುವಾಗ ಅದರಲ್ಲಿ ಈ ಹುಡುಗನ ದೊಡ್ಡಪ್ಪನ ಮಗನ ದನಿ ಬಂತು. ಸತ್ತ ಅಂದುಕೊಂಡಿದ್ದವನು! ಅಮ್ಮ ಮಾಡಿದ ಅಡುಗೆ ಉಂಡೆ, ಬನ್ನಿ ಅನ್ನುತ್ತಿದ್ದನಂತೆ.

‘ಅವತ್ತಿಂದ ದಾರಿ ನೋಡಿಟ್ಟುಕೊಳ್ಳೋಕೆ ಶುರು ಮಾಡಿದೆ,’ ಅಂದ. ಯಾವ ಹಳ್ಳ ಎತ್ತ ಹರಿಯುತ್ತೆ, ಸೂರ್ಯ ಯಾವ ಗುಡ್ಡದ ಹಿಂದೆ ಮುಳುಗುತ್ತೆ, ಎಲ್ಲಾ. 2004ರಲ್ಲಿ ಸೈನ್ಯದ ಹೆಲಿಕಾಪ್ಟರ್ ಗುಂಡಿನ ಮಳೆ ಸುರಿಸಿ ಗುಂಪು ಚದುರಿದಾಗ ಆ ಲೆಕ್ಕವೇ ಕೈಹಿಡಿಯಿತು. ಹಸಿ ಮರಗೆಣಸು ಕಿತ್ತು ತಿಂದುಕೊಂಡು ನಡೆದ. ಹೊಲದಲ್ಲಿದ್ದ ಹೆಂಗಸೊಬ್ಬಳು ಅವನ ಜಡೆಗಟ್ಟಿದ ಕೂದಲು ನೋಡಿಯೇ ಕಿರುಚಿಕೊಂಡು ಓಡಿದಳಂತೆ. ಬಂದೂಕು ನೆಲಕ್ಕಿಟ್ಟು, ಅವಳು ವಾಪಸ್ ಬರೋವರೆಗೂ ಕೈ ಮೇಲೆತ್ತಿಕೊಂಡು ನಿಂತಿದ್ದ.

ಆಮೇಲೆ ಪುನರ್ವಸತಿ ಕೇಂದ್ರ, ಬಂದೂಕು ಬಿಟ್ಟು ಬಂದವರಿಗೆ ಸರ್ಕಾರ ಕೊಡುತ್ತಿದ್ದ ಕ್ಷಮಾದಾನದ ಕಾರ್ಡು. ಅದನ್ನು ಲ್ಯಾಮಿನೇಟ್ ಮಾಡಿಸಿ ಪರ್ಸ್‌ನಲ್ಲಿಟ್ಟುಕೊಂಡಿದ್ದ, ತೋರಿಸಿದ. ಮನೆಯ ಹೊಸ್ತಿಲಲ್ಲಿ ಹಿರಿಯರು ಕೋಳಿಮೊಟ್ಟೆ ಇಟ್ಟು ತುಳಿಸಿದರು. ಆ ಭಾಗದ ಅಚೋಲಿ ಜನ ಹೊರಗೆ ಹೋಗಿ ಬಂದವರನ್ನು ಒಳಗೆ ಕರೆದುಕೊಳ್ಳುವ ರೀತಿ ಅದು. ಆದರೂ ಶಾಲೆಯಲ್ಲಿ ‘ಕಾಡಿನವನು’ ಅಂತ ಆಡಿಕೊಂಡರು. ಶಾಲೆ ಬಿಟ್ಟ.

ಇಂಥ ಮಕ್ಕಳನ್ನು ನಾವು ಕಲ್ಲಿನಂಥ ಗಟ್ಟಿಗರು ಅಂತ ಹೊಗಳಿಬಿಡ್ತೀವಿ. ನನಗೆ ಕಂಡದ್ದು ಕಲ್ಲಲ್ಲ. ಸತ್ತವರು ರಾತ್ರಿ ಬಂದು ಕಾಡ್ತಾರೆ ಅಂತ ಅವನೇ ಹೇಳಿದ. ಅದಕ್ಕೇ ಮೈ ಸೋತು ಬೀಳೋವರೆಗೆ ಬೈಕ್ ಓಡಿಸ್ತಾನೆ. ಹೆದರಿಕೆ ಹೋಗಿಲ್ಲ, ಬೈಕಿನ ಸಾಲದ ಕಂತೂ ತಪ್ಪಿಲ್ಲ.

ಅತಿಯಾಕ್‌ನಲ್ಲಿ ಇಳಿದಾಗ, ತಡವಾಯ್ತಲ್ಲ, ಅದಕ್ಕೆ ಜಾಸ್ತಿ ದುಡ್ಡು ಕೊಡಿ ಅಂದ.

‘ಪಂಕ್ಚರ್ ಆಗಿದ್ದು ನಿನ್ನ ಬೈಕಲ್ವಾ?’ ಅಂದೆ.

‘ಕತೆ ಕೇಳಿದ್ದು ನೀವಲ್ವಾ, ಬಾಸ್?’ ಅಂತ ನಕ್ಕ.

ಕೊಟ್ಟೆ.