ತಲೆಗೆ ಎಷ್ಟು ಬೀಳುತ್ತೆ?

ಪ್ರಶ್ನೆ ಯಾವಾಗಲೂ ಎರಡು ಕಂತಿನಲ್ಲಿ ಬರುತ್ತದೆ. ಮೊದಲು, "ನಿಮ್ಮ ಚರ್ಚಿಗೆ ಎಷ್ಟು ಜನ ಬರ್ತಾರೆ?" ಮೂವತ್ತು ಅನ್ನುತ್ತೇನೆ. ಹಿಮ ಬಿದ್ದ ಭಾನುವಾರ ಹದಿನೆಂಟು. ಆಮೇಲೆ ಎರಡನೆಯ ಕಂತು. "ಅಷ್ಟೇನಾ? ಮತ್ತೆ ಅದಕ್ಕೆ ಯಾಕೆ ಅಷ್ಟೊಂದು ದುಡ್ಡು ಹಾಕ್ತೀರಿ? ಇವತ್ತಲ್ಲ ನಾಳೆ ಮುಚ್ಚೋದೇ ಅಲ್ವಾ?"

ಹನ್ನೊಂದು ವರ್ಷದಿಂದ ಇದನ್ನೇ ಕೇಳುತ್ತಿದ್ದೇನೆ. ಕನ್ನಡ ಕೂಟದಲ್ಲಿ, ಆಫೀಸಿನಲ್ಲಿ, ಊರಿಂದ ಬರುವ ಫೋನಿನಲ್ಲಿ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಬರೆದಿಡುತ್ತಿದ್ದೇನೆ. ಇನ್ನು ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ.

ನನ್ನ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ನಾನು ತುಮಕೂರು ಕಡೆಯ ಸಿ.ಎಸ್.ಐ., ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ, ಸಭೆಯಲ್ಲಿ ಬೆಳೆದವಳು. ಈಗಿರುವುದು ನ್ಯೂಯಾರ್ಕ್ ರಾಜ್ಯದ ಒಂದು ಸಣ್ಣ ಊರಿನಲ್ಲಿ. ನ್ಯೂಯಾರ್ಕ್ ನಗರಕ್ಕೆ ಇಲ್ಲಿಂದ ಐದು ಗಂಟೆ ದಾರಿ. ಹೋಗುವುದು ಇಲ್ಲಿನ ಎಪಿಸ್ಕೋಪಲ್ ಚರ್ಚಿಗೆ. ಇಂಗ್ಲೆಂಡಿನ ಆಂಗ್ಲಿಕನ್ ಸಭೆ ಅಮೆರಿಕದಲ್ಲಿ ಬಿಟ್ಟ ಕವಲು ಅದು. ನಮ್ಮ ಸಿ.ಎಸ್.ಐ. ಹುಟ್ಟಿದ್ದು 1947ರ ಸೆಪ್ಟೆಂಬರ್ 27ರಂದು, ಮದ್ರಾಸಿನಲ್ಲಿ, ಆಂಗ್ಲಿಕನ್ನರು ಮೆಥಡಿಸ್ಟರು ಎಲ್ಲ ಒಂದಾಗಿ. ಈಗ ಎರಡೂ ಸಭೆಗಳು ಒಂದೇ ಆಂಗ್ಲಿಕನ್ ಕುಟುಂಬಕ್ಕೆ ಸೇರಿವೆ. ಹಾಗಾಗಿ ಮೊದಲ ಭಾನುವಾರವೇ ಪ್ರಭುಭೋಜನದ ರೊಟ್ಟಿಗೆ ಕೈ ಚಾಚುವಾಗ ನಾನು ಪರಕೀಯಳಾಗಿರಲಿಲ್ಲ. ಆರು ವರ್ಷದಿಂದ ಅಲ್ಲಿ ಖಜಾಂಚಿ ನಾನೇ.

ಇನ್ನು ಸಿಟ್ಟಿನ ವಿಷಯ. ಕೆಲವು ವರ್ಷಗಳ ಹಿಂದೆ ಒಂದು ಯುಗಾದಿ ಊಟ. ತಟ್ಟೆಯಲ್ಲಿ ಒಬ್ಬಟ್ಟು ಹಾಕಿಕೊಂಡು ಕೂತಿದ್ದೆ. ಪರಿಚಯದವರೊಬ್ಬರು ಪಕ್ಕಕ್ಕೆ ಬಂದು ಕೂತರು. ಚರ್ಚಿನ ಮಾತು ಬಂತು. ವರ್ಷದ ಖರ್ಚು ಎಷ್ಟು ಅಂದರು. ಸುಮಾರು 1,20,000 ಡಾಲರ್ ಅಂದೆ. ಮುಚ್ಚಿಡುವಂಥದ್ದು ಏನೂ ಇಲ್ಲ, ವರ್ಷದ ಸಭೆಯಲ್ಲಿ ಅದನ್ನು ಎಲ್ಲರಿಗೂ ಓದಿ ಹೇಳುತ್ತೇವೆ. ಅವರು ಅಲ್ಲೇ ಫೋನ್ ತೆಗೆದು ಭಾಗಿಸಿದರು. "ತಲೆಗೆ ನಾಲ್ಕು ಸಾವಿರ ಬೀಳುತ್ತೆ. ವೇಸ್ಟ್ ಅಲ್ವಾ? ಹೆದ್ದಾರಿ ಪಕ್ಕದ ಆ ದೊಡ್ಡ ಚರ್ಚಿಗೆ ಹೋದರೆ ಪಾರ್ಕಿಂಗ್ ಇದೆ, ಬ್ಯಾಂಡ್ ಇದೆ, ಮಕ್ಕಳಿಗೆ ಬೇರೆ ಹಾಲ್ ಇದೆ. ಕೊಟ್ಟರೂ ಸರಿ, ಬಿಟ್ಟರೂ ಸರಿ."

ಲೆಕ್ಕ ಸರಿಯಾಗಿಯೇ ಇತ್ತು. ನನಗೆ ಚುಚ್ಚಿದ್ದು "ತಲೆಗೆ" ಅನ್ನುವ ಮಾತು. ಮದುವೆ ಅಡುಗೆಯವರನ್ನು "ಎಲೆಗೆ ಎಷ್ಟು?" ಅಂತ ಕೇಳುತ್ತೇವಲ್ಲ, ಅದೇ ದನಿ. ಅಲ್ಲಿ ಉಣ್ಣುವವರು ಬೇರೆ, ಬಡಿಸುವವರು ಬೇರೆ. ಆದ್ದರಿಂದ ಎಲೆ ಲೆಕ್ಕ ಹಾಕಬಹುದು. ಮೂವತ್ತು ಜನರ ಸಭೆಯಲ್ಲಿ ಬಡಿಸುವವರೇ ಉಣ್ಣುವವರು. ಪಾತ್ರೆ ತೊಳೆಯುವವರೂ ಅವರೇ. ಅವತ್ತು ಇದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. "ಇರಲಿ ಬಿಡಿ" ಅಂದು ಎದ್ದೆ. ಮನೆಗೆ ಬರುವಷ್ಟರಲ್ಲಿ ಉತ್ತರ ಸಿದ್ಧವಾಗಿತ್ತು, ಕೇಳಲು ಯಾರೂ ಇರಲಿಲ್ಲ.

ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ಹೇಳಿಬಿಡುತ್ತೇನೆ. ದೊಡ್ಡ ಪಾಲು ನಮ್ಮ ಪಾದ್ರಿಯವರ ಸಂಬಳ. ಅವರು ಅರ್ಧ ವೇಳೆಯವರು. ಪೂರ್ತಿ ವೇಳೆಯವರನ್ನು ಇಟ್ಟುಕೊಳ್ಳುವ ಶಕ್ತಿ ನಮಗಿಲ್ಲ. ಅವರು ಇಲ್ಲದ ಭಾನುವಾರ ನಮ್ಮಲ್ಲೇ ಒಬ್ಬರು ಬೆಳಗಿನ ಪ್ರಾರ್ಥನೆ ನಡೆಸುತ್ತಾರೆ. ಸಂಬಳದ ಮೇಲೆ 18 ಪರ್ಸೆಂಟ್ ಪಿಂಚಣಿ ನಿಧಿಗೆ ಕಟ್ಟಬೇಕು. ಆ ನಿಧಿ ಶುರುವಾಗಿದ್ದು 1917ರಲ್ಲಿ, ಮ್ಯಾಸಚೂಸೆಟ್ಸಿನ ಬಿಷಪ್ ವಿಲಿಯಂ ಲಾರೆನ್ಸ್ ಮುಂದೆ ನಿಂತು ಮಾಡಿದ ಕೆಲಸ. ಇಡೀ ಬಜೆಟ್ಟಿನಲ್ಲಿ ನಾನು ಒಂದು ಚೂರೂ ಗೊಣಗದೆ ಕಟ್ಟುವ ಚೆಕ್ ಅದು. ಜೀವಮಾನವೆಲ್ಲ ಬೇರೆಯವರ ಸಾವು ನೋವಿಗೆ ಓಡಾಡಿದವರು ಮುಪ್ಪಿನಲ್ಲಿ ಕೈ ಚಾಚಬಾರದು. ಆಮೇಲೆ ಡಯಾಸಿಸ್ಸಿಗೆ, ಅಂದರೆ ಬಿಷಪ್ಪರ ಕೈಕೆಳಗಿನ ಪ್ರಾಂತಕ್ಕೆ, ಪಾಲು. ವಿಮೆ. ಕರೆಂಟು. ಹಾಗೂ ಚಳಿಗಾಲದಲ್ಲಿ ಕಟ್ಟಡ ಬೆಚ್ಚಗಿಡುವ ಬಾಯ್ಲರ್. ನವೆಂಬರಿನಿಂದ ಏಪ್ರಿಲ್‌ವರೆಗೆ ನಾನು ದೇವರ ಜೊತೆ ಮಾತಾಡಿದಷ್ಟೇ ಆ ಬಾಯ್ಲರ್ ಜೊತೆಗೂ ಮಾತಾಡುತ್ತೇನೆ.

ಇನ್ನೊಂದು ಪ್ರಶ್ನೆಯೂ ಬರುತ್ತದೆ. "ಅದು ಮೆಂಬರ್‌ಶಿಪ್ ಫೀಸಾ?" ಅಲ್ಲ. ಫೀಸಿನ ಹಾಗಿದ್ದ ಪದ್ಧತಿಯನ್ನು ಈ ಸಭೆ ಬಿಟ್ಟು ಬಂದಿದೆ. ಆ ಕಥೆ ನನಗೆ ಇಷ್ಟ, ಹೇಳುತ್ತೇನೆ.

ಇಂಗ್ಲೆಂಡಿನ ಆಳ್ವಿಕೆಯ ಕಾಲದಲ್ಲಿ ವರ್ಜೀನಿಯಾದಲ್ಲಿ ಪಾದ್ರಿಯ ಸಂಬಳ ವರ್ಷಕ್ಕೆ 16,000 ಪೌಂಡ್ ತೂಕದ ಹೊಗೆಸೊಪ್ಪು. ಅದನ್ನು ಕಾನೂನಿನ ಪ್ರಕಾರ ಜನರಿಂದ ವಸೂಲಿ ಮಾಡುತ್ತಿದ್ದರು. ಜೊತೆಗೆ ಚರ್ಚಿಗೆ ಜಮೀನು ಇರುತ್ತಿತ್ತು, ನಮ್ಮಲ್ಲಿ ಗುಡಿಗಳಿಗೆ ಉಂಬಳಿ ಇದ್ದ ಹಾಗೆ. ಅಮೆರಿಕಕ್ಕೆ ಸ್ವಾತಂತ್ರ್ಯ ಬಂದ ಮೇಲೆ ವಸೂಲಿ ನಿಂತಿತು. 1802ರಲ್ಲಿ ಆ ಜಮೀನುಗಳನ್ನು ಮಾರುವುದಕ್ಕೂ ಅಲ್ಲಿನ ಸರ್ಕಾರ ಕಾನೂನು ಮಾಡಿತು. ಸಭೆಗಳು ಬರಿಗೈಯಾದವು. ಆಗ ಅನೇಕ ಕಡೆ ನಡೆದದ್ದು ಬೆಂಚಿನ ಬಾಡಿಗೆ. ದುಡ್ಡಿದ್ದವರು ಒಳ್ಳೆಯ ಜಾಗದ ಬೆಂಚು ಹಿಡಿಯುತ್ತಿದ್ದರು. ಬಡವರಿಗೆ ಉಳಿದ ಜಾಗ. ಇದು ಸರಿಯಲ್ಲ ಅಂದವರೂ ಇದ್ದರು. ಬಾಸ್ಟನ್ನಿನ ಚರ್ಚ್ ಆಫ್ ದಿ ಅಡ್ವೆಂಟ್ 1844ರಲ್ಲಿ ಹುಟ್ಟಿದ್ದೇ ಬಾಡಿಗೆಯಿಲ್ಲದ ಬೆಂಚುಗಳ ಸಭೆಯಾಗಿ. ಯಾರು ಬೇಕಾದರೂ ಎಲ್ಲಿ ಬೇಕಾದರೂ ಕೂರಬಹುದು. ಬಾಡಿಗೆ ನಿಂತ ಕಡೆ ಖರ್ಚು ಹೇಗೆ ನಡೆಯಬೇಕು? ಜನ ತಾವಾಗಿಯೇ ಮಾತು ಕೊಡಬೇಕು. ಈಗಿನ ಪ್ಲೆಡ್ಜ್ ಅಂದರೆ ಇದೇ. ಮುಂದಿನ ವರ್ಷ ಇಷ್ಟು ಕೊಡುತ್ತೇನೆ ಅಂತ ಒಂದು ಚೀಟಿಯಲ್ಲಿ ಬರೆದು ಕೊಡುವುದು. ಕಷ್ಟ ಬಂದರೆ ಬದಲಾಯಿಸಬಹುದು. ಕೊಡದವರಿಗೂ ಅದೇ ರೊಟ್ಟಿ, ಅದೇ ಬಟ್ಟಲು.

1982ರಲ್ಲಿ ಇಡೀ ಎಪಿಸ್ಕೋಪಲ್ ಸಭೆಯ ಮಹಾಸಭೆಯಾದ ಜನರಲ್ ಕನ್ವೆನ್ಷನ್, ಕೊಡುಗೆಗೆ ದಶಮಾಂಶವೇ, ಅಂದರೆ ಆದಾಯದ ಹತ್ತನೆಯ ಒಂದು ಪಾಲೇ, ಕನಿಷ್ಠ ಮಟ್ಟ ಅಂತ ಒಪ್ಪಿಕೊಂಡಿತು. ನಾನು ಬರೆಯುವ ಕಾಗದದಲ್ಲಿ ಆ ಸಾಲನ್ನು ಹಾಕುವುದಿಲ್ಲ. ಕಾರಣ ಮುಂದೆ ಹೇಳುತ್ತೇನೆ.

ಈ ಕೊಡುವ ವಿಷಯಕ್ಕೆ ಇಲ್ಲಿ ಇಡೀ ಶರತ್ಕಾಲದಲ್ಲಿ "ಸ್ಟೂವರ್ಡ್‌ಶಿಪ್" ಅನ್ನುತ್ತಾರೆ. ಮೊದಮೊದಲು ಆ ಪದ ಕೇಳಿದರೆ ಬ್ಯಾಂಕಿನ ಜಾಹೀರಾತು ನೆನಪಾಗುತ್ತಿತ್ತು. ಒಂದು ದಿನ ಅಮ್ಮನ ಹಳೆಯ ಕನ್ನಡ ಬೈಬಲ್ಲಿನಲ್ಲಿ ಲೂಕನ ಹದಿನಾರನೆಯ ಅಧ್ಯಾಯ ಓದುತ್ತಿದ್ದೆ. ಇಂಗ್ಲಿಷಿನ ಸ್ಟೂವರ್ಡ್ ಅಲ್ಲಿ "ಮನೆವಾರ್ತೆಯವನು" ಆಗಿದ್ದ. ನೂರು ಸಲ ಓದಿದ ಪದ, ಅವತ್ತು ಬೇರೆಯಾಗಿ ಕೇಳಿಸಿತು. ಮನೆವಾರ್ತೆ. ಮನೆ ನಡೆಸುವುದು. ಡಬ್ಬದಲ್ಲಿ ಬೇಳೆ ಎಷ್ಟಿದೆ, ಹಾಲಿನವನಿಗೆ ಕೊಟ್ಟೆವಾ, ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸಬೇಕಾ. ಅಮ್ಮ ದಿನವೂ ಮಾಡುತ್ತಿದ್ದ ಕೆಲಸ.

ಅಮ್ಮ ಅನ್ನಕ್ಕೆ ಇಡುವ ಮೊದಲು ಒಂದು ಹಿಡಿ ಅಕ್ಕಿ ಬೇರೆ ಡಬ್ಬಕ್ಕೆ ಹಾಕುತ್ತಿದ್ದಳು. ತಿಂಗಳಿಗೊಮ್ಮೆ ಆ ಡಬ್ಬ ಸಭೆಗೆ ಹೋಗುತ್ತಿತ್ತು. ಇಲ್ಲಿ ಬಂದ ಮೇಲೆ ನೋಡುತ್ತೇನೆ, ಹೆಂಗಸರ ಅಡುಗೆಮನೆಯಲ್ಲಿ ಒಂದೊಂದು ನೀಲಿ ರಟ್ಟಿನ ಪೆಟ್ಟಿಗೆ. ಏನಾದರೂ ಒಳ್ಳೆಯದಾದರೆ ಒಂದು ನಾಣ್ಯ ಹಾಕುತ್ತಾರೆ. ಮೊಮ್ಮಗ ಜ್ವರದಿಂದ ಎದ್ದ, ಒಂದು ನಾಣ್ಯ. ಹಿಮದಲ್ಲಿ ಕಾರು ಜಾರದೆ ಮನೆ ಸೇರಿತು, ಇನ್ನೊಂದು. ಯುನೈಟೆಡ್ ಥ್ಯಾಂಕ್ ಆಫರಿಂಗ್ ಅಂತ ಅದರ ಹೆಸರು. 1889ರ ಮೊದಲ ಕಾಣಿಕೆಯಿಂದ ಅಲಾಸ್ಕಾದ ಆನ್ವಿಕ್‌ನಲ್ಲಿ ಒಂದು ಚರ್ಚ್ ಕಟ್ಟಿದರು, ಜಪಾನಿಗೆ ಒಬ್ಬ ಹೆಣ್ಣುಮಗಳನ್ನು ಸೇವೆಗೆ ಕಳಿಸಿದರು. ಆ ಪೆಟ್ಟಿಗೆ ನೋಡಿದ ದಿನ ನನಗೆ ಅಮ್ಮನ ಡಬ್ಬದ ಮುಚ್ಚಳದ ಸದ್ದು ಕೇಳಿಸಿತು. ಕಣ್ಣು ತುಂಬಿತು.

ಈಗ ಆ ದಶಮಾಂಶದ ಸಾಲಿನ ಕಾರಣ. ಖಜಾಂಚಿಯಾದ ಎರಡನೆಯ ವರ್ಷ ನಾನು ಒಂದು ಕಾಗದ ಬರೆದೆ. ಬಾಯ್ಲರ್ ಕೆಟ್ಟಿತ್ತು, ಬಜೆಟ್ಟಿನಲ್ಲಿ ತೂತು. ಕಾಗದ ಸ್ವಲ್ಪ ಗಟ್ಟಿಯಾಗಿಯೇ ಇತ್ತು. ಎಲ್ಲರೂ ಕಳೆದ ವರ್ಷಕ್ಕಿಂತ ಜಾಸ್ತಿ ಕೊಡಿ, ದಶಮಾಂಶದ ಕಡೆ ನಡೆಯಿರಿ ಅಂತ. ಅದಾದ ಮೂರು ವಾರ ಒಬ್ಬ ಹಿರಿಯ ಹೆಂಗಸು ಕಾಣಲಿಲ್ಲ. ನಾಲ್ಕು ದಶಕ ಒಂದೇ ಬೆಂಚಿನಲ್ಲಿ ಕೂತವರು. ಹುಷಾರಿಲ್ಲವೇನೋ ಅಂತ ಸಾರು ಮಾಡಿಕೊಂಡು ಹೋದೆ. ಆರೋಗ್ಯವಾಗಿಯೇ ಇದ್ದರು. ಬಾಗಿಲಲ್ಲೇ ನಿಂತು ಹೇಳಿದರು, ಗಂಡ ಹೋದ ಮೇಲೆ ಬರುವ ದುಡ್ಡು ಕಡಿಮೆಯಾಗಿದೆ, ವಾರಕ್ಕೆ ಇಪ್ಪತ್ತು ಬರೆಯುತ್ತಿದ್ದವಳು ಐದು ಬರೆಯಬೇಕು, ಆ ಚೀಟಿಯನ್ನು ನಿನ್ನ ಕೈಗೆ ಕೊಡಲು ನಾಚಿಕೆಯಾಯಿತು. ಅದಕ್ಕೇ ಬರಲಿಲ್ಲ.

ಆ ಸಾರಿನ ಪಾತ್ರೆ ಹಿಡಿದು ನಾನು ನಿಂತ ನಿಲುವು ಇವತ್ತಿಗೂ ಮರೆತಿಲ್ಲ. ತಪ್ಪು ನನ್ನದು. ಮನೆ ನಡೆಸುವವಳು ಮನೆಯವರನ್ನೇ ಹೊರಗೆ ನಿಲ್ಲಿಸಿದ್ದೆ. ಅವರ ಕೈ ಹಿಡಿದು ಕ್ಷಮೆ ಕೇಳಿದೆ. ಮುಂದಿನ ವರ್ಷದಿಂದ ಕಾಗದದ ಮೊದಲ ಸಾಲೇ ಬದಲಾಯಿತು. "ನಿಮ್ಮ ಚೀಟಿಯಲ್ಲಿ ಈ ವರ್ಷ ಅಂಕಿ ಕಡಿಮೆಯಾಗಬೇಕಾದರೆ ನೆಮ್ಮದಿಯಾಗಿ ಕಡಿಮೆ ಮಾಡಿ. ಭಾನುವಾರ ಮಾತ್ರ ಬನ್ನಿ." ಆ ವರ್ಷ ಒಟ್ಟು ಮೊತ್ತ ಏನಾಯಿತು ಅಂತ ಕೇಳಬೇಡಿ. ಏರಿತು ಅಂದರೆ ಇದು ಒಂದು ಉಪಾಯ ಅಂದುಕೊಳ್ಳುತ್ತೀರಿ, ಇಳಿಯಿತು ಅಂದರೆ ಪಾಠ ಕಲಿಸಲು ಬರುತ್ತೀರಿ.

ನೀವು ನನ್ನನ್ನು ಕೇಳಬೇಕಾಗಿದ್ದ ಪ್ರಶ್ನೆ ಬೇರೆ ಇದೆ. "ಅಲ್ಲಿ ಯಾರ್ಯಾರು ಏನೇನು ಕೆಲಸ ಮಾಡ್ತೀರಿ?" ಇದನ್ನು ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಒಂದು ಗಂಟೆ ಹೇಳುತ್ತಿದ್ದೆ.

ಶನಿವಾರ ಬಲಿಪೀಠ ಸಿದ್ಧ ಮಾಡುವವರು ಬರುತ್ತಾರೆ. ಪ್ರಭುಭೋಜನದ ದ್ರಾಕ್ಷಾರಸದ ಬಟ್ಟಲು ಒರೆಸಿದ ಬಟ್ಟೆಗಳನ್ನು ಕೈಯಲ್ಲೇ ತೊಳೆಯುತ್ತಾರೆ. ಮೊದಲ ಸಲ ಜಾಲಿಸಿದ ನೀರನ್ನು ಚರಂಡಿಗೆ ಬಿಡುವುದಿಲ್ಲ. ಅದಕ್ಕೆಂದೇ ಒಂದು ಬೋಗುಣಿ ಇದೆ, ಅದರ ಕೊಳವೆ ನೇರವಾಗಿ ಮಣ್ಣಿಗೆ ಇಳಿಯುತ್ತದೆ. ಆ ರಸ ನಮಗೆ ಕರ್ತನ ರಕ್ತ, ಅದರ ಒಂದು ಹನಿಯೂ ಕೊಚ್ಚೆಗೆ ಸೇರಬಾರದು ಅಂತ. ಭಾನುವಾರ ಕಾಣಿಕೆ ಎಣಿಸಲು ಇಬ್ಬರು ಕೂರಬೇಕು, ಇಬ್ಬರೂ ಒಂದೇ ಮನೆಯವರಾಗಿರಬಾರದು. ನಿವೃತ್ತ ಬಸ್ ಡ್ರೈವರ್ ಒಬ್ಬರು ಹಿಮ ಎತ್ತುತ್ತಾರೆ. ಹನ್ನೆರಡು ವರ್ಷದ ಹುಡುಗಿ ಶಿಲುಬೆ ಹಿಡಿದು ಮುಂದೆ ನಡೆಯುತ್ತಾಳೆ. ಅವಳಿಗೆ ನೆಗಡಿಯಾದರೆ ಆ ವಾರ ಎಪ್ಪತ್ತೆಂಟು ವರ್ಷದವರೊಬ್ಬರು ಹಿಡಿಯುತ್ತಾರೆ. ಎರಡು ಸಾವಿರ ಜನರ ಸಭೆಯಲ್ಲಿ ನನ್ನ ಗೈರುಹಾಜರಿ ಯಾರಿಗೂ ಗೊತ್ತಾಗದಿರಬಹುದು. ಇಲ್ಲಿ ನಾನು ಬರದಿದ್ದರೆ ಮಧ್ಯಾಹ್ನದೊಳಗೆ ಮೂರು ಫೋನ್ ಬರುತ್ತವೆ.

ಮಂಗಳವಾರ ಸಂಜೆ ನೆಲಮಾಳಿಗೆಯಲ್ಲಿ ಕುಡಿತ ಬಿಟ್ಟವರ ಗುಂಪು ಸೇರುತ್ತದೆ. ಆಲ್ಕೊಹಾಲಿಕ್ಸ್ ಅನಾನಿಮಸ್ ಶುರುವಾದ ಕಾಲದಲ್ಲಿ ಅದರ ಯೋಚನೆಗೆ ಆಸರೆಯಾದವರಲ್ಲಿ ನ್ಯೂಯಾರ್ಕಿನ ಎಪಿಸ್ಕೋಪಲ್ ಪಾದ್ರಿ ಸ್ಯಾಮ್ ಶೂಮೇಕರ್ ಒಬ್ಬರು. ಅವರದು ಕ್ಯಾಲ್ವರಿ ಚರ್ಚ್. ನಮ್ಮ ಗುಂಪಿನವರು ಯಾರ ಹಂಗಿನಲ್ಲೂ ಇರಬಾರದು ಅಂತ ತಿಂಗಳಿಗೆ ಸ್ವಲ್ಪ ಬಾಡಿಗೆ ಕೊಡುತ್ತಾರೆ. ಅದು ಅವರ ನಿಯಮ. ಆ ಲಕೋಟೆಯನ್ನು ನಾನು ಬೇರೆಯಾಗಿ ಎಣಿಸುತ್ತೇನೆ, ನಿಧಾನವಾಗಿ. ಈಗ ಹೇಳಿ, ಆ ಇಪ್ಪತ್ತು ಜನರನ್ನು ನಿಮ್ಮ "ತಲೆ"ಯಲ್ಲಿ ಸೇರಿಸಿದ್ದಿರಾ? ಅವರು ಭಾನುವಾರ ಬರುವುದಿಲ್ಲ. ಮಂಗಳವಾರ ಆ ಕೋಣೆ ಬೆಚ್ಚಗಿರುವುದು ನಮ್ಮ ಬಾಯ್ಲರಿನಿಂದಲೇ.

ಮುಚ್ಚುತ್ತದಾ ಅಂದರೆ, ಮುಚ್ಚಬಹುದು. ಸುಳ್ಳು ಹೇಳುವುದಿಲ್ಲ. ಈ ದೇಶದ ಎಪಿಸ್ಕೋಪಲ್ ಸಭೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಡೆ ಭಾನುವಾರ ಐವತ್ತು ಜನ ಸೇರುವುದಿಲ್ಲ. ನಮ್ಮ ವಯಸ್ಸು ನಮಗೆ ಗೊತ್ತು. ಹಳಬರು ಬಿಟ್ಟು ಹೋದ ನಿಧಿಯಿಂದ ವರ್ಷಕ್ಕೆ ನಾಲ್ಕು ಪರ್ಸೆಂಟ್ ತೆಗೆಯುತ್ತೇವೆ. ಐದಕ್ಕೆ ಏರಿಸೋಣ ಅನ್ನುವ ಚರ್ಚೆ ವೆಸ್ಟ್ರಿಯಲ್ಲಿ, ಅಂದರೆ ನಮ್ಮ ಆಡಳಿತ ಸಮಿತಿಯಲ್ಲಿ, ಪ್ರತಿ ವರ್ಷ ಬರುತ್ತದೆ. ನಾನು ಪ್ರತಿ ವರ್ಷ ಬೇಡ ಅನ್ನುತ್ತೇನೆ. ಕಟ್ಟಡವೂ ನಮ್ಮ ಸ್ವಂತದ್ದಲ್ಲ. 1979ರ ನಿಯಮದ ಪ್ರಕಾರ ಅದನ್ನು ಡಯಾಸಿಸ್ಸಿಗಾಗಿ, ಇಡೀ ಸಭೆಗಾಗಿ ನಾವು ಇಟ್ಟುಕೊಂಡಿದ್ದೇವೆ ಅಷ್ಟೇ. ಮುಚ್ಚುವ ದಿನಕ್ಕೂ ಒಂದು ಪ್ರಾರ್ಥನಾ ಕ್ರಮ ಇದೆ, ಅದನ್ನು ಓದಿದ್ದೇನೆ. ಓದಿ ಮುಗಿಸಿ ಹೊರಗೆ ಬಂದು ಮೆಟ್ಟಿಲ ಮೇಲೆ ತುಂಬಾ ಹೊತ್ತು ಕೂತಿದ್ದೆ.

ಆದರೆ ಇದು ನವೆಂಬರ್. ಗುರುವಾರ ಬಾಯ್ಲರಿನವರು ಬರುತ್ತಾರೆ, ಬಾಗಿಲು ತೆಗೆಯಲು ನಾನು ಏಳಕ್ಕೆ ಅಲ್ಲಿರಬೇಕು. ಮೂವತ್ತೊಂದು ಚೀಟಿಗಳಲ್ಲಿ ಇನ್ನೂ ಒಂಬತ್ತು ಬಂದಿಲ್ಲ. ಶನಿವಾರ ಬಟ್ಟೆ ಒಗೆಯುವ ಸರದಿ ಆ ಹಿರಿಯ ಹೆಂಗಸಿನದು. ಸೊಂಟ ನೋವು ಅಂದಿದ್ದಾರೆ. ನೀರು ಎತ್ತಿ ಕೊಡಲು ಹೋಗುತ್ತೇನೆ.