ಕೋಶಗಳಿಲ್ಲದ ಸಾಲೂ ಕೆಂಪಾಯಿತು

ಮೂಳೆ ಬೆಳೆಸುವ ಸ್ಕ್ಯಾಫೋಲ್ಡ್‌ಗಳ (ಕೋಶಗಳು ನೆಲೆಸಿ ಬೆಳೆಯಲು ಆಸರೆಯಾಗುವ ರಂಧ್ರಮಯ ಚೌಕಟ್ಟುಗಳ) ಕೆಲಸದಲ್ಲಿ ಅಲಿಜರಿನ್ ರೆಡ್ ಎಂಬ ಬಣ್ಣದಷ್ಟು ಸುಲಭವಾಗಿ ಎಲ್ಲರನ್ನೂ ಒಪ್ಪಿಸುವ ಪರೀಕ್ಷೆ ಇನ್ನೊಂದಿಲ್ಲ. ಕ್ಯಾಲ್ಸಿಯಂ ಎಲ್ಲಿದೆಯೋ ಅಲ್ಲಿ ಅದು ಕೆಂಪಾಗಿ ಅಂಟುತ್ತದೆ. ಆ ಕ್ಯಾಲ್ಸಿಯಂ ಕೋಶಗಳು ಕೂಡಿಸಿದ್ದೋ, ಮುದ್ರಿಸುವಾಗ ನಾವೇ ಬೆರೆಸಿದ್ದೋ ಎಂದು ವಿಚಾರಿಸುವುದಿಲ್ಲ. ನಮ್ಮ ಸ್ಕ್ಯಾಫೋಲ್ಡ್ ಪಿಸಿಎಲ್ ಎಂಬ ಪ್ಲಾಸ್ಟಿಕ್‌ಗೆ, ಮೂಳೆಯಲ್ಲಿರುವಂಥ ಕ್ಯಾಲ್ಸಿಯಂ ಖನಿಜವಾದ ಹೈಡ್ರಾಕ್ಸಿಅಪಟೈಟ್‌ನ ಪುಡಿ ಸೇರಿಸಿ ಮುದ್ರಿಸಿದ್ದು. ರಕ್ತನಾಳಗಳು ಒಳಗೆ ಬೆಳೆಯಲೆಂದು ಅದರ ರಂಧ್ರಗಳನ್ನು 300 ಮೈಕ್ರಾನ್‌ಗಿಂತ ದೊಡ್ಡದಾಗಿ ಇಟ್ಟಿದ್ದೆವು.

ಸ್ಕ್ಯಾಫೋಲ್ಡ್‌ಗಳನ್ನು ಸಾಲು ಸಾಲಾಗಿ ಇಟ್ಟಿದ್ದ 21ನೇ ದಿನದ ಪ್ಲೇಟಿಗೆ ಬಣ್ಣ ಹಾಕಿ ತೊಳೆದಾಗ ಕೋಶಗಳಿದ್ದ ಸಾಲು ಗಾಢ ಕೆಂಪಾಗಿತ್ತು, ಕೋಶಗಳಿಲ್ಲದ ಸಾಲೂ ಹೆಚ್ಚುಕಡಿಮೆ ಅಷ್ಟೇ ಕೆಂಪಾಗಿತ್ತು. ಮಧ್ಯಾಹ್ನದ ರಿವ್ಯೂಗೆ ಸ್ಲೈಡ್ ಕೊಡಬೇಕಿತ್ತು. ರಂಧ್ರಗಳಲ್ಲಿ ಬಣ್ಣ ನಿಂತುಕೊಂಡಿದೆ ಎಂದು ಭಾವಿಸಿ, ಕಿರಿಯ ಸಹೋದ್ಯೋಗಿಯಿಂದ ಮತ್ತೆ ಮತ್ತೆ ತೊಳೆಸಿದೆ. ನೀರು ತಿಳಿಯಾದರೂ ಸಾಲು ತಿಳಿಯಾಗಲಿಲ್ಲ. ಆಕೆ ಪಿಪೆಟ್ ಕೆಳಗಿಟ್ಟು, "ಮೇಡಂ, ಇದು ತೊಳೆದರೆ ಹೋಗುವುದಲ್ಲ, ನಮ್ಮ ಪುಡಿಯೇ ಬಣ್ಣ ಹಿಡಿದಿದೆ" ಎಂದಳು. ನಾನು ಒಪ್ಪದೆ, ಬಣ್ಣವನ್ನು ಸಿಪಿಸಿ ಎಂಬ ರಾಸಾಯನಿಕದ ದ್ರಾವಣದಲ್ಲಿ ಬಿಡಿಸಿ, ಅದು ಎಷ್ಟಿದೆಯೆಂದು 562 ನ್ಯಾನೋಮೀಟರ್ ಬೆಳಕಿನಲ್ಲಿ ಓದಿಸಿದೆ. ಪ್ಲೇಟ್ ರೀಡರ್ ಎರಡೂ ಸಾಲುಗಳಿಗೆ ಒಂದನ್ನೊಂದು ಮುಚ್ಚುವ ಎರರ್ ಬಾರ್‌ಗಳನ್ನು ಕೊಟ್ಟಿತು; ಅಂದರೆ ಎರಡರ ನಡುವೆ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ.

ಬ್ಲ್ಯಾಂಕ್, ಅಂದರೆ ಕೋಶಗಳಿಲ್ಲದ ಸ್ಕ್ಯಾಫೋಲ್ಡಿನ ಓದು, ಕಳೆದರೆ ಮುಗಿಯಿತು ಎಂದು ರಿವ್ಯೂನಲ್ಲಿ ಒಬ್ಬರು ಸಲಹೆ ನೀಡಿದರು. ಆದರೆ ಪೊಟ್ಟಣದಿಂದ ಆಗಷ್ಟೇ ತೆಗೆದ ಸ್ಕ್ಯಾಫೋಲ್ಡ್ ಬ್ಲ್ಯಾಂಕ್ ಆಗಲಾರದು, ಏಕೆಂದರೆ ಮೀಡಿಯಂನಲ್ಲಿ (ಕೋಶ ಬೆಳೆಸುವ ಪೋಷಕ ದ್ರವದಲ್ಲಿ) ಮುಳುಗಿರುವ ಅಪಟೈಟ್ ಮೇಲ್ಮೈ ಅದರಲ್ಲಿರುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟನ್ನು ಯಾವ ಕೋಶದ ನೆರವೂ ಇಲ್ಲದೆ ತನ್ನ ಮೇಲೆ ಕೂಡಿಸಿಕೊಳ್ಳಬಲ್ಲದು. ಕೋಶರಹಿತ ಮಾದರಿಯೂ ಅದೇ ಆಸ್ಟಿಯೋಜೆನಿಕ್ (ಕೋಶಗಳನ್ನು ಮೂಳೆ ಕಟ್ಟಲು ಪ್ರಚೋದಿಸುವ) ಮೀಡಿಯಂನಲ್ಲಿ, ಅಷ್ಟೇ ದಿನ, ಅಷ್ಟೇ ಸಲ ಮೀಡಿಯಂ ಬದಲಿಸಿಕೊಂಡು ಇರಬೇಕು. ದುರದೃಷ್ಟವೆಂದರೆ, ಖಾಲಿ ಸ್ಕ್ಯಾಫೋಲ್ಡಿಗೆ ಇಷ್ಟೊಂದು ಮೀಡಿಯಂ ಏಕೆ ಎಂದು ಬಜೆಟ್‌ನಲ್ಲಿ ಮೊದಲು ಕತ್ತರಿ ಬೀಳುವುದು ಇದಕ್ಕೇ.

ಈಗ ನಾವು ಅಲಿಜರಿನ್ ಒಂದನ್ನೇ ನೆಚ್ಚುವುದಿಲ್ಲ. ಮೂಳೆ ಕಟ್ಟುವ ಕೋಶಗಳೇ ತಯಾರಿಸುವ ಪ್ರೋಟೀನ್‌ಗಳಾದ ಆಸ್ಟಿಯೋಕ್ಯಾಲ್ಸಿನ್ ಮತ್ತು ಒಂದನೇ ವಿಧದ ಕೊಲಾಜೆನ್ ಅನ್ನೂ ನೋಡುತ್ತೇವೆ. ಅದೇ ಕೋಶಗಳ ಎಎಲ್‌ಪಿ ಎಂಬ ಕಿಣ್ವ ಮಾತ್ರ ಮೊದಲು ಏರಿ, ಖನಿಜ ಕೂಡತೊಡಗಿದ ಮೇಲೆ ಇಳಿಯುವುದರಿಂದ, ಅದಕ್ಕೆಂದೇ ಮೊದಲ ವಾರದಲ್ಲಿ ಪ್ರತ್ಯೇಕ ಪ್ಲೇಟ್ ಇಡುತ್ತೇವೆ. ಈ ಗ್ರಾಫ್‌ಗಳು ಮೇಲಿನವರಿಗೆ ಅಷ್ಟಾಗಿ ರುಚಿಸಿಲ್ಲ. ಪ್ರಚಾರದ ಕೈಪಿಡಿಗೆ ಹಳೆಯ ಕೆಂಪು ಚಿತ್ರವೇ ಬೇಕೆಂದು ಮೊನ್ನೆಯೂ ಮೇಲ್ ಬಂದಿತ್ತು. ಎರಡೂ ಸಾಲುಗಳನ್ನು ಒಟ್ಟಿಗೆ ಅಚ್ಚು ಹಾಕುವುದಾದರೆ ಕಳುಹಿಸುತ್ತೇನೆ ಎಂದು ಉತ್ತರಿಸಿದ್ದೇನೆ.