ಮಲ್ಪೆ ಮನೆ ಸರ್ವರ್ ಲಾಗ್: ಹೋದದ್ದು ಡಿಸ್ಕ್ ಅಲ್ಲ, ಕೇಬಲ್

ಶನಿವಾರ ರಾತ್ರಿ

ಅಪ್ಪ ಅರ್ಥ ಹೇಳಿದ ತಾಳಮದ್ದಳೆ ಕ್ಯಾಸೆಟ್‌ಗಳನ್ನೆಲ್ಲ ಡಿಜಿಟಲ್ ಮಾಡಿ ಇಟ್ಟಿರುದು ಈ ಹಳೆ ಡೆಸ್ಕ್‌ಟಾಪಲ್ಲಿ, ಡೆಬಿಯನ್ 12 ಅಂತ ಲಿನಕ್ಸ್ ಹಾಕಿದ್ದು. ತಮ್ಮನ ಲ್ಯಾಪ್‌ಟಾಪಿಗೆ ಕಾಪಿ ಮಾಡ್ತಾ ಇದ್ದೆ, ಅರ್ಧಕ್ಕೇ ನಿಂತೋಯ್ತು. ಡಿಮೆಸೇಜ್, ಅಂದ್ರೆ ಸಿಸ್ಟಮ್ ತಾನೇ ಬರೆದಿಡುವ ಲಾಗ್, ತೆಗೆದು ನೋಡಿದ್ರೆ "ಫೇಲ್ಡ್ ಕಮಾಂಡ್", ಅದರ ಕೆಳಗೆ "ಹಾರ್ಡ್ ರೀಸೆಟ್ಟಿಂಗ್ ಲಿಂಕ್", ಆಮೇಲೆ "ಲಿಮಿಟಿಂಗ್ ಸಾಟಾ ಲಿಂಕ್ ಸ್ಪೀಡ್ ಟು 3.0 ಜಿಬಿಪಿಎಸ್". ಡಿಸ್ಕಿನ ಸಂಪರ್ಕ ತಪ್ಪಿ ವೇಗ ಇಳಿಸಿದೆ ಅಂತ ಅರ್ಥ. ಡಿಸ್ಕೇ ಹೋಯ್ತಾ ಅಂತ ಎದೆ ಧಸಕ್ ಅಂತು ಮಾರ್ರೆ. ಕ್ಯಾಸೆಟ್‌ಗಳಿಗೆಲ್ಲ ಬೂಸ್ಟು ಹಿಡಿದಾಗಿದೆ, ಇನ್ನೊಂದ್ಸಲ ಓಡುದಿಲ್ಲ, ಇರುದು ಇದೊಂದೇ ಕಾಪಿ. ಏನೂ ಮುಟ್ಟದೆ ಬಂದ್ ಮಾಡಿ ಮಲಗಿದೆ.

ಆದಿತ್ಯವಾರ

ಡಿಸ್ಕ್ ತನ್ನ ಆರೋಗ್ಯದ ಲೆಕ್ಕ ಇಡುವ ಸ್ಮಾರ್ಟ್ ರಿಪೋರ್ಟ್ ತೆಗೆದೆ. 5ನೇ ನಂಬ್ರ ಅಂದ್ರೆ ಹಾಳಾಗಿ ಬದಲಿಸಿದ ಸೆಕ್ಟರ್ (ಡಿಸ್ಕಿನ ಚಿಕ್ಕ ಚಿಕ್ಕ ಭಾಗ), ಸೊನ್ನೆ. 197, ಓದ್ಲಿಕ್ಕೆ ಬಾರದೆ ಬಾಕಿ ಉಳಿದ ಸೆಕ್ಟರ್, ಅದೂ ಸೊನ್ನೆ. ಆದ್ರೆ 199, ಸಿಆರ್‌ಸಿ ಎರರ್, 1412! ಅದು ಡಿಸ್ಕಿನೊಳಗಿನ ಲೆಕ್ಕ ಅಲ್ಲ, ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವೆ ದಾರಿಯಲ್ಲಿ ಡೇಟಾ ಕೆಟ್ಟದ್ದರ ಲೆಕ್ಕ. ಇದನ್ನು ನೋಡದೆ ಡಿಸ್ಕ್ ಎಸೆಯುವವರು ಎಷ್ಟು ಜನ ಉಂಟೋ. ಬಾಕ್ಸ್ ಬಿಚ್ಚಿದ್ರೆ ಸಾಟಾ ಕೇಬಲಿನ ಲಾಕ್ ಮುರಿದು ಕನೆಕ್ಟರ್ ಓರೆಯಾಗಿ ಕೂತಿದೆ, ಬೆರಳು ತಾಗಿದ್ರೆ ಅಲ್ಲಾಡ್ತದೆ. ಹೊಸ ಕೇಬಲ್ ಹಾಕಿದೆ. 199ರ ಲೆಕ್ಕ ಮತ್ತೆ ಸೊನ್ನೆ ಆಗುದಿಲ್ಲ, ಅದು ಮೇಲೆ ಹೋಗದಿದ್ರೆ ಸಾಕು. 40 ಜಿಬಿ ಓದಿಸಿ ನೋಡಿದೆ, 1412ರಲ್ಲೇ ನಿಂತಿದೆ.

ಸೋಮವಾರ

ಡಿಸ್ಕ್ ಸರಿ ಆಯ್ತು, ಕಾಪಿ ಮಾತ್ರ ಸೆಕೆಂಡಿಗೆ 11 ಎಂಬಿ ದಾಟುದಿಲ್ಲ. ನೆಟ್‌ವರ್ಕ್ ವೇಗ ಹೇಳುವ ಎಥ್‌ಟೂಲ್ 100 ಎಂಬಿಪಿಎಸ್ ಅಂತ ತೋರಿಸ್ತದೆ, ಡಿಮೆಸೇಜಲ್ಲಿ "ಡೌನ್‌ಶಿಫ್ಟ್ ಅಕರ್ಡ್" (ವೇಗ ಇಳಿದಿದೆ), ಸಾಲಿನ ಕೊನೆಗೆ "ಚೆಕ್ ಕೇಬ್ಲಿಂಗ್" ಅಂತ ಬಾಯಿಬಿಟ್ಟೇ ಹೇಳಿದೆ. ಗಿಗಾಬಿಟ್‌ಗೆ, ಅಂದ್ರೆ 1000 ಎಂಬಿಪಿಎಸ್‌ಗೆ, ನೆಟ್‌ವರ್ಕ್ ಕೇಬಲಿನ ಎಂಟೂ ವಯರ್ ಬೇಕು, 100ಕ್ಕೆ 1, 2, 3, 6 ನಾಲ್ಕೇ ಸಾಕು, ಹಾಗಾಗಿ ಉಳಿದ ನಾಲ್ಕರಲ್ಲಿ ಯಾವುದೋ ಹೋಗಿದೆ ಅಂತಾಯ್ತು. ಜಗಲಿ ಕಿಟಕಿ ಹತ್ರ ಆ ಕೇಬಲಿನ ಪ್ಲಗ್ ಎಳೆದು ಟಾರ್ಚ್ ಹಿಡಿದ್ರೆ 7, 8ನೇ ಪಿನ್ನಿಗೆ ಹಸಿರು ಕಿಲುಬು, ದೇವರ ಕೋಣೆಯ ತಾಮ್ರದ ಚೊಂಬಿಗೆ ಹಿಡಿಯುದೇ ಅದು. ಕಡಲ ಗಾಳಿ ನೇರ ಅಲ್ಲಿಗೇ ಹೊಡೆಯುದಲ್ವಾ. ಅಮ್ಮ ಬಗ್ಗಿ ನೋಡಿ "ಹುಣಸೆಹುಳಿ ಹಾಕಿ ತಿಕ್ಕಿದ್ರೆ ಹೋಗ್ತದೆ ಮಗಾ" ಅಂದ್ರು, ಚೊಂಬಿಗೆ ಸರಿ ಅಮ್ಮ ಇದಕ್ಕಾಗುದಿಲ್ಲ ಅಂತ ಹೇಳಿ ಎರಡಿಂಚು ಕತ್ತರಿಸಿ, ಒಳಗೆ ತಾಮ್ರ ಕೆಂಪಗೆ ಹೊಳೆಯುವಲ್ಲಿವರೆಗೆ ಬಂದ ಮೇಲೆ ಹೊಸ ಪ್ಲಗ್ ಕ್ರಿಂಪ್ ಮಾಡಿದೆ. ಈಗ ಎಥ್‌ಟೂಲ್ 1000 ತೋರಿಸ್ತಾ ಉಂಟು, ಕಾಪಿ ಸೆಕೆಂಡಿಗೆ 110 ಎಂಬಿ ಹತ್ರ.

ತಮ್ಮನ ಲ್ಯಾಪ್‌ಟಾಪಲ್ಲಿ ಎರಡನೇ ಕಾಪಿ ಪೂರ್ತಿ ಆಯ್ತು. ಗೋಡೆಯ ಸಾಕೆಟ್ಟಿನೊಳಗೂ ಚೂರು ಹಸಿರು ಕಾಣ್ತದೆ, ಮಳೆಗಾಲ ಹಿಡಿಯುವ ಮೊದಲು ಅದನ್ನೂ ಬದಲಿಸ್ಬೇಕು.